ಸಾಲಗಾರನು ಪಾಪಿಯೇ?



2023ರ ನವೆಂಬರ್ ತಿಂಗಳ ಒಂದು ಸಂಜೆ. ಬಲಿಪೂಜೆ ಮುಗಿದು, ಜನರೆಲ್ಲ ಹೊರಟು, ಉಪದೇಶಿಗಳು ಒಂದೊಂದೇ ದೀಪವನ್ನು ಆರಿಸುತ್ತಿದ್ದರು. ಕೊನೆಯ ಬೆಂಚಿನಲ್ಲಿ ಇಪ್ಪತ್ತೇಳು ವರ್ಷದ ಯುವಕನೊಬ್ಬ ಲ್ಯಾಪ್‌ಟಾಪಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದ. ಹತ್ತಿರ ಹೋದಾಗ ಎದ್ದು ನಿಂತು, ಯಾವ ಪೀಠಿಕೆಯೂ ಇಲ್ಲದೆ ಕೇಳಿದ: "ಫಾದರ್, ಸಾಲ ತೀರಿಸಲು ಆಗದೇ ಇರುವುದು ಪಾಪವೇ?"

ಅದು ಪಾಪನಿವೇದನೆಯ ಸಂದರ್ಭವಾಗಿರಲಿಲ್ಲ. ಆತನ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ; ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಆ ವರ್ಷ ಬೆಂಗಳೂರಿನ ಎಷ್ಟೋ ಹೊಸ ಕಂಪನಿಗಳು ನೌಕರರನ್ನು ಕೈಬಿಟ್ಟಿದ್ದವು. ಈತನೂ ಜುಲೈನಲ್ಲಿ ಕೆಲಸ ಕಳೆದುಕೊಂಡಿದ್ದ. ಆಗಲೇ ಇದ್ದ ಸಾಲಕ್ಕೆ, ಆ ನಾಲ್ಕು ತಿಂಗಳಲ್ಲಿ ಕಂತು ಕಟ್ಟಲೆಂದು ಮಾಡಿದ ಸಾಲವೂ ಸೇರಿಕೊಂಡಿತ್ತು. ಅಕ್ಕನ ಮದುವೆಗೆಂದು ತೆಗೆದ ವೈಯಕ್ತಿಕ ಸಾಲದಲ್ಲಿ 3 ಲಕ್ಷ ಬಾಕಿ; ಎರಡು ಕ್ರೆಡಿಟ್ ಕಾರ್ಡುಗಳಲ್ಲಿ 2 ಲಕ್ಷ 10 ಸಾವಿರ; ಮೊಬೈಲಿನ ಸಾಲದ ಆ್ಯಪ್‌ಗಳಿಂದ 60 ಸಾವಿರ; ಸ್ನೇಹಿತನೊಬ್ಬನಿಂದ ಕೈಗಡವಾಗಿ 70 ಸಾವಿರ. ಒಟ್ಟು 6 ಲಕ್ಷ 40 ಸಾವಿರ ರೂಪಾಯಿ.

ನನ್ನ ಮನಸ್ಸನ್ನು ಕಲಕಿದ್ದು ಈ ಮೊತ್ತಕ್ಕಿಂತ ಬೇರೆಯೇ ಒಂದು ಸಂಗತಿ. ಕೆಲಸ ಹೋದದ್ದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ದಿನವೂ ಬೆಳಗ್ಗೆ ಎಂಟೂವರೆಗೆ ತಾಯಿ ಕಟ್ಟಿಕೊಟ್ಟ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದ. ಕಬ್ಬನ್ ಉದ್ಯಾನದೊಳಗಿನ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ, ಬರುವ ಕರೆಗಳನ್ನು ಕತ್ತರಿಸುತ್ತಿದ್ದ. ಮಧ್ಯಾಹ್ನ ಮರದ ಕೆಳಗೆ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ಸಂಜೆ ಆರೂವರೆಗೆ ದಣಿದ ಮುಖ ಮಾಡಿಕೊಂಡು ಮನೆ ಸೇರುತ್ತಿದ್ದ. "ಮುಖ ಮಾಡಿಕೊಳ್ಳಬೇಕಾಗಿರಲಿಲ್ಲ ಫಾದರ್, ನಿಜವಾಗಿಯೂ ದಣಿದಿರುತ್ತಿದ್ದೆ" ಎಂದ.

ಆತನ ಪ್ರಶ್ನೆಗೆ ನಾನು ತಕ್ಷಣ ಉತ್ತರಿಸಲಿಲ್ಲ. ಅದಕ್ಕೊಂದು ಕಾರಣವಿದೆ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ, ಇಂಥದೇ ಸಂಕಟ ಹೇಳಿಕೊಂಡು ಬಂದ ಹೆಣ್ಣುಮಗಳೊಬ್ಬಳಿಗೆ "ಹೇಗಾದರೂ ಮಾಡಿ ತೀರಿಸಮ್ಮ, ಮಾನ ದೊಡ್ಡದು" ಎಂದು ಉಪದೇಶ ಮಾಡಿ ಕಳುಹಿಸಿದ್ದೆ. 'ಹೇಗಾದರೂ' ಎಂಬ ಆ ಒಂದು ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು. ಬ್ಯಾಂಕಿನ ಸಾಲ ತೀರಿಸಲು ಮೀಟರ್ ಬಡ್ಡಿಗೆ ಹಣ ತಂದಳು. ಒಳ್ಳೆಯ ಮಾತೆಂದುಕೊಂಡು ನಾನು ಆಡಿದ್ದು ಅವಳನ್ನು ಇನ್ನೂ ಆಳಕ್ಕೆ ತಳ್ಳಿತು.

ಕನ್ನಡದಲ್ಲಿ ನಮಗೆ ಸಾಲ ಎಂಬ ಮಾತೂ ಇದೆ, ಋಣ ಎಂಬ ಮಾತೂ ಇದೆ. ಸಾಲಕ್ಕೆ ಲೆಕ್ಕವುಂಟು, ಬಡ್ಡಿಯುಂಟು, ಗಡುವುಂಟು. ಋಣಕ್ಕೆ ಇವು ಯಾವುವೂ ಇಲ್ಲ. ಅನ್ನದ ಋಣ, ಹೆತ್ತವರ ಋಣ ಎನ್ನುವಾಗ ನಾವು ರೂಪಾಯಿಯನ್ನು ನೆನೆಯುವುದಿಲ್ಲ. ಯೇಸುಸ್ವಾಮಿಯವರು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಾದರೋ ಸಾಲಕ್ಕೂ ಪಾಪಕ್ಕೂ ಒಂದೇ ಪದ. ಅವರು ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಪ್ಪುಗಳ ಕ್ಷಮೆ ಬೇಡುವ ಕಡೆ ಸಂತ ಮತ್ತಾಯರ ಗ್ರೀಕ್ ಮೂಲದಲ್ಲಿರುವುದು ಸಾಲಗಳು ಎಂಬ ಪದವೇ. ಪಾಪವನ್ನು ಸಾಲಕ್ಕೆ ಹೋಲಿಸಿದ್ದರಿಂದ ದೇವರ ಕ್ಷಮೆ ಎಂಥದೆಂಬುದು ಬಡವರಿಗೂ ಅರ್ಥವಾಯಿತು. ಆದರೆ ಆ ಹೋಲಿಕೆಯನ್ನು ತಿರುಗಿಸಿ, ಸಾಲವೆಂದರೆ ಪಾಪ ಎಂದುಕೊಂಡರೆ ಸಾಲಗಾರನು ಪಾಪಿಯಂತೆ ಮುಖ ಮರೆಸಿಕೊಳ್ಳತೊಡಗುತ್ತಾನೆ. ನನ್ನೆದುರು ನಿಂತಿದ್ದ ಯುವಕನಿಗೆ ಆಗಿದ್ದದ್ದು ಇದೇ.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದ ಇಬ್ಬರು ಸಾಲಗಾರರ ಸಾಮತಿ ನಿಮಗೆಲ್ಲ ಗೊತ್ತು. ಒಬ್ಬನದು ಹತ್ತು ಸಾವಿರ ತಲೆಂತು, ಮತ್ತೊಬ್ಬನದು ನೂರು ದೆನಾರಿ. ಒಂದು ದೆನಾರಿ ಎಂದರೆ ಕೂಲಿಯಾಳಿನ ಒಂದು ದಿನದ ಕೂಲಿ. ಒಂದು ತಲೆಂತು ಎಂದರೆ ಸುಮಾರು ಆರು ಸಾವಿರ ದೆನಾರಿ. ಲೆಕ್ಕ ಹಾಕಿ ನೋಡಿ: ಮೊದಲನೆಯವನ ಸಾಲ ಆರು ಕೋಟಿ ದಿನಗಳ ಕೂಲಿ! ಎರಡನೆಯವನದು ನೂರು ದಿನಗಳದ್ದು. ಆ ಯುವಕ ತನ್ನನ್ನು ಮೊದಲನೆಯವನೆಂದೇ ಭಾವಿಸಿದ್ದ. ನಿಜಕ್ಕೂ ಆತನದು ಎರಡನೆಯವನ ಸಾಲ. ದೊಡ್ಡದು, ಆದರೆ ಮನುಷ್ಯನು ದುಡಿದು ತೀರಿಸಬಹುದಾದದ್ದು. ನಾನು ಅನೇಕ ಸಲ ಈ ಸಾಮತಿಯ ಮೇಲೆ ಪ್ರಬೋಧನೆ ಮಾಡಿದ್ದರೂ ಗಮನಿಸದೆ ಬಿಟ್ಟಿದ್ದ ಇನ್ನೊಂದು ವಿಷಯ ಆ ಸಂಜೆ ಹೊಳೆಯಿತು. ಆ ಇಬ್ಬರೂ ಸಾಲ ಮನ್ನಾ ಮಾಡಿರೆಂದು ಕೇಳುವುದಿಲ್ಲ. ಇಬ್ಬರೂ ಕೇಳುವುದು ಕಾಲಾವಕಾಶವನ್ನು.

ಗುರುಮಠದಲ್ಲಿ ನೀತಿಶಾಸ್ತ್ರದ ತರಗತಿಯಲ್ಲಿ ನಾವು ಓದಿದ್ದ ಸಂತ ತೋಮಸ್ ಅಕ್ವಿನಾಸರೂ ಇದನ್ನೇ ವಿಚಾರಿಸುತ್ತಾರೆ. ಪರರದ್ದನ್ನು ಹಿಂತಿರುಗಿಸುವ ಬಗೆಗಿನ ಅವರ ವಿವೇಚನೆಯಲ್ಲಿ, ಕೂಡಲೇ ಹಿಂತಿರುಗಿಸಬೇಕೇ ಎಂಬುದು ಒಂದು ಪ್ರಶ್ನೆ. ಕೂಡಲೇ ಕೊಡಬೇಕೆಂಬುದು ಅವರ ಮೊದಲ ಉತ್ತರ. ಪರರ ವಸ್ತುವನ್ನು ಇಟ್ಟುಕೊಂಡಿರುವುದೂ ಅನ್ಯಾಯವೇ. ಆದರೆ ಶಕ್ತಿಯಿಲ್ಲದವನನ್ನು ಆ ಅಶಕ್ತಿಯೇ ಕೂಡಲೇ ಕೊಡುವ ಹೊಣೆಯಿಂದ ಬಿಡಿಸುತ್ತದೆ. ಆಗ ಅವನಿಗೆ ಉಳಿಯುವ ಕರ್ತವ್ಯ, ತಾನಾಗಿಯೋ ಇನ್ನೊಬ್ಬರ ಮೂಲಕವೋ ಸಾಲ ಕೊಟ್ಟವನ ಬಳಿಗೆ ಹೋಗಿ ರಿಯಾಯಿತಿಯನ್ನೋ ಸಮಯವನ್ನೋ ಕೇಳಿಕೊಳ್ಳುವುದು. ಕೈಯಲ್ಲಿ ಕಾಸಿಲ್ಲದವನಿಗೂ ಒಂದು ಕರ್ತವ್ಯವುಂಟು, ಮತ್ತು ಅದನ್ನು ಅವನು ನೆರವೇರಿಸಬಲ್ಲ. ಇದನ್ನು ಕೇಳಿದಾಗ ಆತ ಮೊದಲ ಬಾರಿಗೆ ತಲೆಯೆತ್ತಿದ.

ನಮ್ಮ ದೇಶದ ಕಾನೂನು ಕೂಡ ಇದಕ್ಕೆ ದೂರವಿಲ್ಲ. ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚಿನ್ ನಡುವಣ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಕೇವಲ ಬಡತನದಿಂದ ಸಾಲ ತೀರಿಸಲಾರದವನನ್ನು ಸೆರೆಗೆ ಹಾಕುವುದು ಸಂವಿಧಾನಕ್ಕೆ ಒಪ್ಪುವುದಿಲ್ಲವೆಂದು ತೀರ್ಪಿತ್ತರು. ಕೈಲಿದ್ದೂ ಕೊಡದ ವಂಚಕನ ಮಾತು ಬೇರೆ. ಆತನಿಗೆ ದಿನವೂ ಬರುತ್ತಿದ್ದ ಕರೆಗಳಲ್ಲಿ "ನಾಳೆ ಪೊಲೀಸರು ಬರುತ್ತಾರೆ" ಎಂಬ ಬೆದರಿಕೆಯೇ ಹೆಚ್ಚಾಗಿತ್ತಾದ್ದರಿಂದ ಇದನ್ನು ತಿಳಿಸುವುದು ಅಗತ್ಯವಾಯಿತು. (ಆದರೆ ಎಚ್ಚರಿಕೆ: ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ಬರೆದುಕೊಟ್ಟರೆ ಅದು ಅಪರಾಧವಾಗಬಲ್ಲದು. ಒತ್ತಾಯಕ್ಕೆ ಮಣಿದು ಚೆಕ್ಕಿಗೆ ಸಹಿ ಹಾಕಬೇಡಿ.) ವಸೂಲಿಗಾರರು ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಸೂಚಿಸಿತು. ಕರ್ನಾಟಕದಲ್ಲಿ ಕಿರುಸಾಲಗಳ ವಸೂಲಿಯ ಕಿರುಕುಳ ತಾಳಲಾರದೆ ಜನರು ಪ್ರಾಣ ಕಳೆದುಕೊಂಡ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಾನೂನು ಬರುವುದಕ್ಕೆ ಅಷ್ಟು ಜೀವಗಳು ಹೋಗಬೇಕಾಯಿತೆಂಬುದು ನೋವಿನ ಸಂಗತಿ.

ಮುಂದಿನ ಪ್ರಶ್ನೆ ಇನ್ನೂ ಕಠಿಣವಾದದ್ದು: ಯಾರಿಗೆ ಮೊದಲು ಕೊಡಬೇಕು? ಆತ ಅದುವರೆಗೆ, ಹೆಚ್ಚು ಕೂಗಾಡಿದವರಿಗೆ ಮೊದಲು ಕೊಡುತ್ತಿದ್ದ. ಆ್ಯಪ್‌ನವರು ಕೂಗಿದರೆ ಅವರಿಗೆ. ಕಾರ್ಡಿನವರು ಕೂಗಿದರೆ ಅವರಿಗೆ. 70 ಸಾವಿರ ಕೊಟ್ಟ ಸ್ನೇಹಿತ ಒಮ್ಮೆಯೂ ಕೇಳಿರಲಿಲ್ಲ. ಹಾಗಾಗಿ ಅವನಿಗೆ ಒಂದು ರೂಪಾಯಿಯೂ ಹೋಗಿರಲಿಲ್ಲ; ಅವನ ಹೆಂಡತಿಗೆ ಆಗ ಹೆರಿಗೆಯ ದಿನಗಳು ಹತ್ತಿರವಾಗಿದ್ದವು. ಭಯವು ಹಂಚುವ ಹಣದಲ್ಲಿ ಸಜ್ಜನನಿಗೆ ಕೊನೆಯ ಪಾಲು. ಇನ್ನು ಬರಿಯ ಲೆಕ್ಕ ಹೇಳುವುದು ಬೇರೆಯೇ. ಒಂದು ಲಕ್ಷ ರೂಪಾಯಿಯ ಕಾರ್ಡ್ ಬಾಕಿಗೆ ತಿಂಗಳಿಗೆ ಶೇಕಡಾ 3.5ರಂತೆ 3,500 ರೂಪಾಯಿ ಬಡ್ಡಿ, ಆ ಬಡ್ಡಿಯ ಮೇಲೆ ಶೇಕಡಾ 18 ತೆರಿಗೆ 630 ರೂಪಾಯಿ. ನೀವು 5,000 ಕಟ್ಟಿದರೆ ಅಸಲಿಗೆ ಜಮೆಯಾಗುವುದು 870 ಮಾತ್ರ. ಇಂಥ ಸಾಲವನ್ನು ಮೊದಲು ಮುಗಿಸದಿದ್ದರೆ ಮಿಕ್ಕ ಯಾವುದಕ್ಕೂ ಹಣ ಉಳಿಯುವುದಿಲ್ಲ.

ನಾವಿಬ್ಬರೂ ಒಂದು ನೋಟುಪುಸ್ತಕ ತೆಗೆದುಕೊಂಡು ಕುಳಿತೆವು. ಮನೆಯ ಬಾಡಿಗೆಗೆ, ಅಕ್ಕಿಬೇಳೆಗೆ, ತಂದೆಯ ಔಷಧಿಗೆ ಆತನ ಪಾಲಿನದು ಮೊದಲು. ಇದರಲ್ಲಿ ಅನ್ಯಾಯವಿಲ್ಲ, ಹೊಟ್ಟೆಗಿಲ್ಲದವನು ದುಡಿದು ಯಾರ ಸಾಲವನ್ನೂ ತೀರಿಸಲಾರ. ಬಳಿಕ ಹೆಚ್ಚು ಬಡ್ಡಿಯ ಸಾಲ. ಆದರೆ ಸ್ನೇಹಿತನಿಗೂ ತಿಂಗಳಿಗೆ ಒಂದಿಷ್ಟು, ಸಾವಿರವೇ ಆಗಲಿ, ಹೇಳಿದ ದಿನಾಂಕಕ್ಕೆ ತಪ್ಪದೆ ಕೊಡಬೇಕೆಂದು ನಾನು ಹಟ ಹಿಡಿದೆ. ಬಡ್ಡಿಯ ಲೆಕ್ಕದಲ್ಲಿ ಇದು ನಷ್ಟವೇ. ಬ್ಯಾಂಕಿನ ವ್ಯವಹಾರ ಬಲ್ಲ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ನನ್ನನ್ನು ಈ ವಿಷಯದಲ್ಲಿ ಇಂದಿಗೂ ಒಪ್ಪುವುದಿಲ್ಲ.

ಅಷ್ಟರಲ್ಲಿ ಒಂದು ಕಾರ್ಡಿನವರು, 90 ಸಾವಿರದ ಬಾಕಿಗೆ 55 ಸಾವಿರವನ್ನು ಒಮ್ಮೆಗೇ ಕೊಟ್ಟರೆ ಮುಗಿಸುವುದಾಗಿ ತಿಳಿಸಿದರು. "ಪೂರ್ತಿ ಕೊಡದೆ ಮುಗಿಸುವುದು ಮೋಸವಲ್ಲವೇ?" ಎಂದು ಆತ ಕೇಳಿದ. ಪೂರ್ತಿ ಕೊಡುವ ಶಕ್ತಿಯಿದ್ದು, ಅದನ್ನು ಬಚ್ಚಿಟ್ಟು, ಬಡತನ ನಟಿಸಿ ರಿಯಾಯಿತಿ ಪಡೆದರೆ ಅದು ಮೋಸ. ಬ್ಯಾಂಕು ದೊಡ್ಡದೆಂಬುದು ನೆಪವಾಗದು. ಇದ್ದದ್ದನ್ನು ಇದ್ದಂತೆ ಹೇಳಿ, ಕೊಟ್ಟವರು ತಿಳಿದೇ ಒಪ್ಪಿದರೆ ಅದು ಅವರು ಮಾಡಿದ ಮನ್ನಾ. ಅದನ್ನು ಪಡೆದುಕೊಳ್ಳಲು ಸಂಕೋಚ ಬೇಡವೆಂದೆ. ಆದರೆ ಸಾಲದ ದಾಖಲೆಯಲ್ಲಿ ಪೂರ್ತಿ ತೀರಿತೆಂದು ಬರೆಯದೆ 'ಸೆಟಲ್ಡ್' ಎಂದು ಬರೆಯುತ್ತಾರೆ, ಅದು ವರ್ಷಗಟ್ಟಲೆ ಉಳಿದು ಮುಂದೆ ಸಾಲ ಸಿಗುವುದಕ್ಕೆ ಅಡ್ಡಿಯಾಗಬಹುದು ಎಂಬುದನ್ನೂ ಹೇಳಿದೆ. "ಮುಂದೆ ಸಾಲ ಸಿಗದಿದ್ದರೆ ಒಳ್ಳೆಯದೇ ಫಾದರ್" ಎಂದು ನಕ್ಕ. ಆತ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ 55 ಸಾವಿರ ಬಂದದ್ದು ಆತನ ಪಿ.ಎಫ್. ಹಣದಿಂದ.

ಆದರೆ ಇದಕ್ಕೆಲ್ಲ ಮುಂಚೆ ಮನೆಯಲ್ಲಿ ಹೇಳಬೇಕಾಗಿತ್ತು. ತಾನೊಬ್ಬನೇ ಹೇಳಲಾರೆನೆಂದಾಗ ನಾನೂ ಜೊತೆಗೆ ಹೋದೆ. ತಂದೆ ಖಾಸಗಿ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಅವರು ಕೋಪದಿಂದ ಏನನ್ನೋ ಹೇಳಲು ಹೊರಟು, ಎದ್ದು ಹಿತ್ತಲಿಗೆ ಹೋಗಿಬಿಟ್ಟರು. ತಾಯಿ ಮಾತ್ರ ಎಷ್ಟು ಸಾಲ, ಯಾರಿಗೆ, ಏಕೆ ಎಂದು ಏನನ್ನೂ ವಿಚಾರಿಸಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ತಿಂಗಳು ಎಲ್ಲಿ ಕೂತು ಊಟ ಮಾಡಿದೆಯೋ?" ಎಂದು ಕೇಳಿದರು. ಆಗ ಆತ ಅತ್ತ.

ಮರುವಾರ ತಂದೆ ಠೇವಣಿಯೊಂದನ್ನು ಮುರಿದು ಆ್ಯಪ್‌ಗಳ 60 ಸಾವಿರವನ್ನು ಕಟ್ಟಿದರು. ಹೆತ್ತವರು ಹೀಗೆ ಕೊಡಬೇಕೇ ಎಂದು ನೀವು ಕೇಳಬಹುದು. ಎಲ್ಲ ಮನೆಗಳಿಗೂ ಒಂದೇ ಉತ್ತರ ಹೇಳಲು ನನಗೆ ಧೈರ್ಯವಿಲ್ಲ. ಮುಪ್ಪಿನ ಕಾಲದ ಹಣವೆಲ್ಲ ಬರಿದಾಗುವಂತಿದ್ದರೆ ಬೇಡವೆಂದೇ ಹೇಳುತ್ತಿದ್ದೆ. ಈತ ತಂದೆಯ ಹೆಸರನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡ. "ಅಪ್ಪನಿಗೆ ಲೆಕ್ಕ ಬರೀತೀಯೇನೋ?" ಎಂದು ಅವರು ಗದರಿದರಂತೆ. ಆದರೂ ಅಳಿಸಲಿಲ್ಲವಂತೆ.

ಈಗ ನಮ್ಮ ವಿಷಯಕ್ಕೆ ಬರೋಣ. 1462ರಲ್ಲಿ ಇಟಲಿಯ ಪೆರುಜಾ ನಗರದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳ ಪ್ರೇರಣೆಯಿಂದ, ಬಡವರಿಗೆ ಅಡವಿನ ಮೇಲೆ ಅಲ್ಪ ಬಡ್ಡಿಗೆ ಹಣ ಕೊಡುವ ನಿಧಿಯೊಂದು ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ 1909ರಲ್ಲಿ ಯೇಸುಸಭೆಯ ಗುರು ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಅವರು ಛೋಟಾನಾಗ್‌ಪುರದ ಆದಿವಾಸಿಗಳನ್ನು ಲೇವಾದೇವಿಗಾರರ ಕೈಯಿಂದ ಬಿಡಿಸಲು ಸಹಕಾರಿ ಪತ್ತಿನ ಸಂಘ ಕಟ್ಟಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಹಿಂದಿನವರು ಸಾಲಗಾರನಿಗೆ ಉಪದೇಶದ ಜೊತೆಗೆ ಇನ್ನೇನನ್ನೋ ಕೊಟ್ಟಿದ್ದರು. ಇಂದು ನಮ್ಮ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಅಕ್ಕಿ ಹಂಚಲು ಹೋಗುವ ಮನೆಗಳ ಪಟ್ಟಿಯಲ್ಲಿ ಈ ಯುವಕನ ಮನೆ ಇರಲಾರದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಭಾನುವಾರ ಕಾಣಿಕೆಯ ತಟ್ಟೆಗೆ ನೋಟು ಹಾಕಿ ಹೋಗುವವನನ್ನು ಬಡವನೆಂದು ಯಾರು ತಿಳಿಯುತ್ತಾರೆ? ಅಕ್ಕನ ಮದುವೆಯ ಊಟವನ್ನು ಹೊಗಳಿ ಉಂಡವರಲ್ಲಿ ನಾನೂ ಒಬ್ಬ. ಆ ಊಟದ ಖರ್ಚೂ ಆ 3 ಲಕ್ಷದೊಳಗೆ ಇತ್ತೆಂಬುದು ನನಗೆ ಆಮೇಲೆ ತಿಳಿಯಿತು. ಮದುವೆಗೆ, ಮೊದಲ ಪರಮಪ್ರಸಾದದ ಔತಣಕ್ಕೆ ಸಾಲ ಮಾಡಬೇಡಿರೆಂದು ಪೀಠದಿಂದ ಹೇಳುವುದು ಸುಲಭ. ಸರಳವಾಗಿ ಮಾಡಿದವರ ಬಗೆಗೆ ದೇವಾಲಯದ ಅಂಗಳದಲ್ಲೇ ನಾವು ಆಡಿಕೊಳ್ಳುವುದು ನಿಂತಿಲ್ಲ.

2024ರ ಮೇ ತಿಂಗಳಲ್ಲಿ ಆತನಿಗೆ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 28 ಸಾವಿರ, ಮೊದಲಿನದರ ಅರ್ಧಕ್ಕೂ ಕಡಮೆ. ವೈಯಕ್ತಿಕ ಸಾಲದ ಕಂತಿಗೆ ಬ್ಯಾಂಕು ಹೆಚ್ಚಿನ ಅವಧಿ ಕೊಟ್ಟಿತು. ಕೇಳಿದ್ದರಿಂದ ಕೊಟ್ಟಿತು. ಸ್ನೇಹಿತನ ಹಣದ ಕೊನೆಯ ಕಂತನ್ನು ಕೊಡಲು ಹೋದಾಗ, ಅವನ ಮಗು ಆಗಲೇ ನಡೆಯುತ್ತಿತ್ತಂತೆ. ಕಳೆದ ತಿಂಗಳು ನೋಟುಪುಸ್ತಕ ತಂದು ತೋರಿಸಿದ. ಇನ್ನೂ 1 ಲಕ್ಷ 12 ಸಾವಿರ ಉಳಿದಿದೆ. ತಂದೆಯ ಹೆಸರಿನೆದುರು ಇನ್ನೂ ಏನೂ ಜಮೆಯಾಗಿಲ್ಲ. ಹೊರಡುವಾಗ ಆತನ ಚೀಲದೊಳಗೆ ಡಬ್ಬಿಯ ಸದ್ದಾಯಿತು. ಇಂದಿಗೂ ತಾಯಿಯೇ ಕಟ್ಟಿಕೊಡುತ್ತಾರಂತೆ.