ದುಡ್ಡು ಕೇಳದ ಕಾರು

ನಮ್ಮೂರಲ್ಲಿ ಆಗ ಕಾರಿದ್ದದ್ದು ನಮ್ಮನೇಲಿ ಮಾತ್ರ. ಮೊದಲು ಸೆಕೆಂಡ್ ಹ್ಯಾಂಡ್ ಅಂಬಾಸಿಡರ್. ಗೇರು ಸ್ಟೀರಿಂಗ್ ಪಕ್ಕದಲ್ಲಿ, ಮುಂದೆ ಬೆಂಚಿನಂಥ ಉದ್ದ ಸೀಟು. ಜಾತ್ರೆಗೆ ಹನ್ನೊಂದು ಜನ ತುಂಬಿಕೊಂಡು ಹೋಗಿದ್ದೂ ಉಂಟು. ಆಮೇಲೆ ಮಾರುತಿ 800. ಹೆರಿಗೆ, ಹಾವು ಕಡಿತ, ಎದೆನೋವು ಅಂತ ರಾತ್ರಿ ಯಾರೇ ಬಾಗಿಲು ತಟ್ಟಿದರೂ ಅಪ್ಪ ಕೀ ತಗೊಂಡು ಹೊರಡೋರು. ಪೆಟ್ರೋಲಿಗೂ ದುಡ್ಡು ಕೇಳ್ತಿರಲಿಲ್ಲ.

ಆಫೀಸಿನಲ್ಲಿ ಈ ಕಥೆ ಹೇಳಿದರೆ, "ಈಗ ಅಂಥೋರು ಎಲ್ಲಿದಾರೆ ಗುರೂ" ಅಂತಾರೆ. ಆದರೆ ಇದು ಕಾರಿನೊಳಗೆ ಕೂತವರ ನೆನಪು. ಬಾಗಿಲ ಹೊರಗೆ ನಿಂತವರದ್ದು ಬೇರೇನೇ ಇರುತ್ತೆ. ಮನೇಲಿ ಹೆಂಡತಿ ನೋವು ತಿನ್ನುತ್ತಿದ್ದರೂ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, "ಅಣ್ಣಾ, ವಸಿ ಗಾಡಿ ತೆಗೀತೀರಾ" ಅನ್ನಬೇಕಿತ್ತು. ಅಪ್ಪ ದುಡ್ಡು ತಗೊಳ್ಳದ್ದರಿಂದ ಆ ಲೆಕ್ಕ ಚುಕ್ತಾ ಆಗ್ತಾನೇ ಇರಲಿಲ್ಲ. ಸುಗ್ಗೀಲಿ ನಮ್ಮ ಗದ್ದೆ ಕುಯ್ಲಿಗೆ ಮೊದಲು ಬರ್ತಿದ್ದವರು ಅವರೇ. ಯಾರೂ ಕರೀತಿರಲಿಲ್ಲ, ಬರದೇ ಇರೋಕೂ ಆಗ್ತಿರಲಿಲ್ಲ. ಹಂಗು ಅಂದರೆ ಅದೇ ತಾನೇ?

2008ರ ನವೆಂಬರಿನಲ್ಲಿ ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾಯಿತು. ನಿಧಾನಕ್ಕೆ ನಮ್ಮ ಬಾಗಿಲು ತಟ್ಟೋದು ನಿಂತಿತು. ಅಪ್ಪನಿಗೆ ಬೇಜಾರು. ನನಗೆ ಮಾತ್ರ ಸಮಾಧಾನ. ಆಂಬುಲೆನ್ಸ್ ತಡವಾದರೆ ಯಾರು ಬೇಕಾದರೂ ಬೈಯಬಹುದು. ಅಪ್ಪನಿಗೆ ಬೈಯೋಕೆ ಆಗ್ತಿತ್ತಾ? ಅವರ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ. ಬಾಣಂತಿಯ ಜೀವ ಅದೊಂದನ್ನೇ ನಂಬಿಕೊಂಡಿರಬಾರದು, ಅಷ್ಟೇ.

ಅಪ್ಪನಿಗೂ ಇದನ್ನೇ ಹೇಳಿದೆ. "ಫೋನಲ್ಲಿ ಊರ ದಾರಿ ಹೇಳೋ ಹೊತ್ತಿಗೆ ನಾನು ಕೆರೆ ಏರಿ ದಾಟಿರ್ತಿದ್ದೆ ಕಣೋ" ಅಂದರು. ಅದೂ ನಿಜಾನೇ.