ಬಿಸಿ ತಂತಿ ಮತ್ತು ಕಾಯಕ

ಯಂತ್ರದಿಂದ ಮಾಡಿದ ಕೆಲಸ ಕಾಯಕವಾಗುತ್ತದೆಯೇ ಎಂಬ ಪ್ರಶ್ನೆಗೆ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ವಿಶೇಷ ತೂಕವಿದೆ. 12ನೆಯ ಶತಮಾನದ ಶರಣರು ದುಡಿಮೆಯನ್ನು ಪೂಜೆಗೆ ಸಮ ಮಾಡಿದ್ದು ಇಲ್ಲಿಯೇ. ಹಗ್ಗ ಹೊಸೆದು ಬದುಕಿದ ನುಲಿಯ ಚಂದಯ್ಯನ ಹೆಸರಿನ ಗವಿ ಬಸವಕಲ್ಯಾಣದಲ್ಲಿದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದರೂ ಅವನು ಕಾಯಕ ಬಿಡಲಿಲ್ಲ ಎಂಬ ಕಥೆಯಿದೆ. ಹೀಗಿರುವಾಗ, ಕಂಪ್ಯೂಟರಿನ ಆಣತಿಯಂತೆ ಬಿಸಿ ತಂತಿಯಿಂದ ಥರ್ಮಾಕೋಲ್ ಕತ್ತರಿಸುವ ಸಿಎನ್‌ಸಿ ಯಂತ್ರದ ಮುಂದೆ ನಿಂತವನ ಪಾಲಿಗೆ ಕಾಯಕವೆಂದು ಏನು ಉಳಿಯುತ್ತದೆ?

ಈ ಯಂತ್ರವನ್ನು ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಕಟ್ಟಬಹುದು. ಎರಡು ಬದಿಗೆ ಪ್ಲೈವುಡ್ ಚೌಕಟ್ಟು, ಡ್ರಾಯರ್ ಚಾನೆಲ್, ಥ್ರೆಡ್ ರಾಡ್, ನಾಲ್ಕು ಸ್ಟೆಪ್ಪರ್ ಮೋಟಾರು, ಒಂದು ಆರ್ಡುಯಿನೊ ಬೋರ್ಡು, ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಮುಖ್ಯವಾಗಿ ಬೇಕು. ನಡುವೆ ನೈಕ್ರೋಮ್ ತಂತಿ. ನಿಕಲ್ ಮತ್ತು ಕ್ರೋಮಿಯಂ ಬೆರೆತ ಈ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಎರಡೂ ಬದಿ ಬೇರೆ ಬೇರೆಯಾಗಿ ಚಲಿಸುವುದರಿಂದ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಆಕಾರವನ್ನೂ ಕೊಯ್ಯಬಹುದು.

ಕಷ್ಟವಿರುವುದು ತಂತಿಯಲ್ಲಿ. ಕಾದ ತಂತಿ ಹಿಗ್ಗುತ್ತದೆ. ತುದಿಗೆ ಸ್ಪ್ರಿಂಗ್ ಕಟ್ಟಿ ಬಿಗಿ ಮಾಡದಿದ್ದರೆ ನಡುವೆ ಜೋಲುತ್ತದೆ. ಯಂತ್ರ ದೊಡ್ಡದಾದಷ್ಟೂ ಈ ತೊಡಕು ಹೆಚ್ಚು. ತಂತಿಯ ಉದ್ದ ಎರಡು ಪಟ್ಟಾದರೆ ಅದೇ ಕಾವಿಗೆ ವೋಲ್ಟೇಜೂ ಎರಡು ಪಟ್ಟು ಬೇಕು. ಆಗ ಕಂಪ್ಯೂಟರ್ ಪವರ್ ಸಪ್ಲೈಯ 12 ವೋಲ್ಟ್ ಸಾಲದೆ ಹೋಗಬಹುದು. ತಂತಿ ಥರ್ಮಾಕೋಲನ್ನು ತಳ್ಳಬಾರದು, ತನ್ನ ಕಾವಿನಿಂದ ಮುಂದಿನದನ್ನು ಕರಗಿಸುತ್ತ ಸಾಗಬೇಕು. ಅವಸರಪಟ್ಟರೆ ತಂತಿ ಹಿಂದೆ ಬಾಗಿ ಮೂಲೆಗಳು ದುಂಡಗಾಗುತ್ತವೆ. ನಿಧಾನಿಸಿದರೆ ಕೊಯ್ದ ಜಾಡು ಅಗಲವಾಗಿ ಅಳತೆ ತಪ್ಪುತ್ತದೆ. ಈ ಹದವನ್ನು ಚೂರುಪಾರು ಹಾಳೆಗಳ ಮೇಲೆ ಮತ್ತೆ ಮತ್ತೆ ಕೊಯ್ದು ನೋಡಿಯೇ ಹಿಡಿಯಬೇಕು. ಮೈಯ ದಣಿವು ಕಡಿಮೆಯಾದರೂ ಮನಸ್ಸಿಟ್ಟು ಮಾಡುವ ದುಡಿಮೆ ಹಾಗೇ ಉಳಿಯುತ್ತದೆ. ಕುಂಬಾರ ಗುಂಡಯ್ಯನ ತಿಗುರಿ, ಜೇಡರ ದಾಸಿಮಯ್ಯನ ಮಗ್ಗ ಸಹ ಕೈಯ ಭಾರ ಇಳಿಸಿದ ಸಲಕರಣೆಗಳೇ. ಅವುಗಳಿಂದ ಅವರ ಕಾಯಕಕ್ಕೆ ಕುಂದು ಬರಲಿಲ್ಲ.

ಶರಣರ ಅಳತೆಗೋಲು ಬೇರೆಯೇ ಇತ್ತು. ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಮಾರಯ್ಯ ಬೆವರು ಸುರಿಸಿರಲಿಲ್ಲವೆಂದು ಆಕೆ ದೂರಲಿಲ್ಲ. ಆಕೆಯ ಆಕ್ಷೇಪ ಇದ್ದದ್ದು ಆ ಹೆಚ್ಚಿನ ಅಕ್ಕಿಯ ಬಗ್ಗೆ. ಕಾಯಕ ಲೋಕದಿಂದ ಎಷ್ಟು ತೆಗೆದುಕೊಳ್ಳುತ್ತದೆ, ಲೋಕಕ್ಕೆ ಏನು ಕೊಡುತ್ತದೆ ಎಂಬುದೇ ಮುಖ್ಯ. ಹಳೆಯ ಸಾಮಾನಿನಿಂದ ಕಟ್ಟಿದ ಯಂತ್ರ ಮೊದಲ ಪ್ರಶ್ನೆಯನ್ನು ಸುಲಭವಾಗಿ ದಾಟುತ್ತದೆ.

ಎರಡನೆಯದು ಅಷ್ಟು ಸಲೀಸಲ್ಲ. ಥರ್ಮಾಕೋಲ್ ಎಂದರೆ ಪಾಲಿಸ್ಟೈರೀನ್, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಕೊಯ್ಯುವಾಗ ಏಳುವ ಹೊಗೆಯಲ್ಲಿ ಸ್ಟೈರೀನ್ ಇರುವುದರಿಂದ ಬಾಗಿಲು ತೆರೆದು, ಹೊಗೆ ಹೊರದೂಡುವ ಫ್ಯಾನ್ ಹಾಕಿಯೇ ಕೆಲಸ ಮಾಡಬೇಕು. ಛಾವಣಿಯಡಿ ಬಿಸಿಲು ತಡೆಯುವ ಹಲಗೆಗೆ, ಫೈಬರ್‌ಗ್ಲಾಸ್ ಅಚ್ಚಿಗೆ, ವಿದ್ಯಾರ್ಥಿಗಳ ವಿಮಾನದ ಮಾದರಿಗೆ ಈ ಯಂತ್ರ ನಿಜವಾಗಿ ಉಪಕಾರಿ, ಅಲ್ಲಿ ಅದು ಕಾಯಕವೇ ಸರಿ. ಒಂದು ದಿನದ ವೇದಿಕೆಗೆ ಅಕ್ಷರ ಕೊಯ್ದು ಮರುದಿನ ತಿಪ್ಪೆಗೆ ಎಸೆಯುವುದು ಕಾಯಕವಲ್ಲ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿಯೂ ಇದೆ. ಬಸವ ಜಯಂತಿಯ ಮಂಟಪಕ್ಕಾಗಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಸಿಂಗಾರಕ್ಕಾಗಲಿ ಬಟ್ಟೆ, ಬಿದಿರು, ಕಾಗದವನ್ನೇ ಬಳಸಬೇಕು.