ಅನೇಕಾಂತ ಮತ್ತು ಒಂದು ಮಹಾಸಂಖ್ಯೆ

ಕಾಸರಗೋಡು ಜಿಲ್ಲೆಯ ಬಂಗ್ರ ಮಂಜೇಶ್ವರದಲ್ಲಿರುವ ಚತುರ್ಮುಖ ಬಸದಿಯಲ್ಲಿ ಜಿನಬಿಂಬಗಳು ನಾಲ್ಕು ದಿಕ್ಕುಗಳಿಗೆ ಮುಖಮಾಡಿವೆ. ಯಾವ ದಿಕ್ಕಿನಿಂದ ಬಂದ ಭಕ್ತನಿಗೂ ದರ್ಶನ ಲಭಿಸುತ್ತದೆ. ಆದರೆ ಒಂದೆಡೆ ನಿಂತವನಿಗೆ ನಾಲ್ಕೂ ಮುಖಗಳು ಏಕಕಾಲದಲ್ಲಿ ಕಾಣಲಾರವು. ಅನೇಕಾಂತ ತತ್ತ್ವವು ಬೋಧಿಸುವುದೂ ಇದನ್ನೇ. ಆದರೆ ಸತ್ಯಕ್ಕೆ ಹಲವು ಮುಖಗಳಿವೆ ಎಂದಮೇಲೆ ಎಲ್ಲರ ಮಾತೂ ಸತ್ಯವೇ ಆಗಬೇಕೆ? ಸುಳ್ಳೆಂಬುದೇ ಇಲ್ಲವೆ?

ಇದಕ್ಕೆ ಉತ್ತರವನ್ನು ಗಣಿತದಲ್ಲಿ ಅರಸಬಹುದು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. 2000ದಲ್ಲಿ ಅದರ ಕನ್ನಡ ಅನುವಾದವು ಹೊಂಬುಜದಿಂದ ಪ್ರಕಟವಾಯಿತು. ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು, 27994681ನ್ನು 441ರಿಂದ ಗುಣಿಸುವುದು. ಬರುವ ಗುಣಲಬ್ಧ 12345654321. ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮೀರಿದ ಈ ಸಂಖ್ಯೆ ಒಂದರಿಂದ ಆರಕ್ಕೇರಿ, ಮತ್ತೆ ಒಂದಕ್ಕಿಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಆಚಾರ್ಯರು ಕಂಠಾಭರಣಕ್ಕೆ ಹೋಲಿಸಿದ್ದಾರೆ.

ಇದೇ ಸಂಖ್ಯೆ 111111ರ ವರ್ಗವೂ ಹೌದು. ಒಬ್ಬನು ಮೊದಲಿನ ಗುಣಾಕಾರವನ್ನೂ ಇನ್ನೊಬ್ಬನು ಈ ವರ್ಗವನ್ನೂ ಹೇಳಿದರೆ, ಇಬ್ಬರ ಅಂಕಿಗಳಲ್ಲಿ ಹೋಲಿಕೆಯೇ ಕಾಣದು. ಆದರೂ ಇಬ್ಬರೂ ಸತ್ಯವಂತರು. ಎರಡನ್ನೂ ಅವಿಭಾಜ್ಯ ಸಂಖ್ಯೆಗಳವರೆಗೆ ಬಿಡಿಸಿದಾಗ 3, 7, 11, 13, 37 ಎಂಬ ಐದೇ ಸಂಖ್ಯೆಗಳು ಎರಡೆರಡು ಬಾರಿ ದೊರೆಯುತ್ತವೆ. ಮೇಲ್ನೋಟಕ್ಕೆ ಕಂಡ ಭೇದ ಮೂಲದಲ್ಲಿಲ್ಲ. ಮೂರನೆಯವನು ಬಂದು 111111ನ್ನು 111112ರಿಂದ ಗುಣಿಸಿದರೂ ಅದೇ ಸಂಖ್ಯೆ ಬರುವುದೆಂದರೆ? ಆ ಗುಣಲಬ್ಧದ ಕೊನೆಯ ಅಂಕಿ 2 ಆಗುತ್ತದೆ, 1 ಅಲ್ಲ. ಅವನ ತಪ್ಪು ಚಿಕ್ಕದಿರಬಹುದು. ಆದರೂ ಅದು ತಪ್ಪೇ.

'ಸ್ಯಾತ್' ಎಂಬ ಪದದ ಅರ್ಥ ಸಂಶಯವಲ್ಲ. ಒಂದು ಅಪೇಕ್ಷೆಯಿಂದ ನೋಡಿದಾಗ ಹೀಗಿದೆ ಎಂಬ ನಿಶ್ಚಿತ ಮಾತು. ಸಾಲ ಕೊಟ್ಟವನು ಕೊಟ್ಟೆನೆನ್ನುತ್ತಾನೆ, ಪಡೆದವನು ಪಡೆದಿಲ್ಲವೆನ್ನುತ್ತಾನೆ. ಅಲ್ಲಿ "ಇಬ್ಬರದೂ ಸರಿ" ಎಂದು ಕೈತೊಳೆದುಕೊಳ್ಳುವುದು ಅನೇಕಾಂತವಲ್ಲ, ಅನ್ಯಾಯಕ್ಕೊಳಗಾದವನಿಗೆ ಮಾಡಿದ ಹಿಂಸೆ. ಹಾಗೆಯೇ, ತನ್ನ ದಾರಿಯೊಂದೇ ದಾರಿಯೆಂದು ಪರರ ಮಾತನ್ನು ಬಿಡಿಸಿ ನೋಡದೆ ತಳ್ಳಿಹಾಕುವುದೂ ಹಿಂಸೆಯೇ.

ಬದುಕಿನ ಪ್ರಶ್ನೆಗಳು ಅಂಕಿಗಳಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ ನಿಜ. ಆದುದರಿಂದಲೇ ಅಲ್ಲಿ ತಾಳ್ಮೆ ಹೆಚ್ಚು ಬೇಕು. ಈ ನಾಡಿನಲ್ಲಿ ಒಂದು ಮನೆ 'ಒಂದು' ಎಂದರೆ ಇನ್ನೊಂದು 'ಒಂಜಿ' ಎನ್ನುತ್ತದೆ, ಮತ್ತೊಂದು 'ಒನ್ನ್' ಎನ್ನುತ್ತದೆ. ಎಣಿಕೆ ಮಾತ್ರ ಒಂದೇ. ಪರರ ಮಾತನ್ನು ಆದರದಿಂದ ಕೇಳಿ, ಅದನ್ನೂ ತನ್ನ ಮಾತನ್ನೂ ಒಂದೇ ನಿಷ್ಠೆಯಿಂದ ಪರೀಕ್ಷಿಸುವವನೇ ಸಮ್ಯಕ್ ದೃಷ್ಟಿಯ ಹಾದಿಯಲ್ಲಿರುವವನು.